ಇಪ್ಪತ್ತಾರು ವರ್ಷ ದೇಶಕ್ಕೆ ಬರಲಾಗದ ಪತ್ರಕರ್ತ: ಎಂ.ಪಿ.ಟಿ. ಆಚಾರ್ಯ

ಜಮಖಂಡಿಯಿಂದ ಮುಧೋಳಕ್ಕೆ ಬಸ್ಸಿನಲ್ಲಿ ಹೆಚ್ಚೆಂದರೆ ಒಂದು ತಾಸು. ರಬಕವಿ ಎಲ್ಲಿ ಮುಗಿಯಿತು, ಬನಹಟ್ಟಿ ಎಲ್ಲಿ ಶುರುವಾಯಿತು ಎಂಬುದು ಹೊರಗಿನವರಿಗೆ ಗೊತ್ತೇ ಆಗುವುದಿಲ್ಲ. ಆದರೆ ನಮ್ಮ ಮುತ್ತಜ್ಜಂದಿರು ಇದೇ ದಾರಿಯಲ್ಲಿ ಎತ್ತಿನ ಗಾಡಿ ಕಟ್ಟಿಕೊಂಡು ಹೋಗುವಾಗ ಸರ್ಕಾರದ ಮೇಲೆ ಸರ್ಕಾರ ದಾಟುತ್ತಿದ್ದರು. ಜಮಖಂಡಿ ಪಟವರ್ಧನರದು. ಮುಧೋಳ ಘೋರ್ಪಡೆಯವರದು. ರಬಕವಿ ಸಾಂಗಲಿ ಸಂಸ್ಥಾನಕ್ಕೆ ಸೇರಿತ್ತು, ಪಕ್ಕದ ಬನಹಟ್ಟಿ ಜಮಖಂಡಿ ಸಂಸ್ಥಾನಕ್ಕೆ. ಬೀಳಗಿಯಲ್ಲಿ ನೇರ ಇಂಗ್ರಜರ ಆಳ್ವಿಕೆ, ವಿಜಾಪುರ ಜಿಲ್ಲೆ.

ಇದನ್ನು ಈಗ ಯಾಕೆ ಹೇಳುತ್ತಿದ್ದೇವೆ ಅಂದರೆ, ಗಡಿ ಎಂಬುದು ಬಡವನಿಗೆ ತೊಂದರೆ ಕೊಡುವಷ್ಟೇ ಬಂಡಾಯಗಾರನಿಗೆ ಆಸರೆಯೂ ಆಗುತ್ತದೆ. ಒಂದು ಸರ್ಕಾರದ ಪೊಲೀಸ ಇನ್ನೊಂದು ಸರ್ಕಾರದ ಸೀಮೆಯೊಳಗೆ ಬಂದು ಕೊರಳಪಟ್ಟಿ ಹಿಡಿಯುವುದು ಸುಲಭವಿಲ್ಲ. ಕಾಗದ ಬರೆಯಬೇಕು, ಉತ್ತರ ಬರಬೇಕು, ಅಷ್ಟರೊಳಗೆ ಹಕ್ಕಿ ಹಾರಿರುತ್ತದೆ. ಗಡಿಯ ಈ ಗುಟ್ಟು ಹಿಡಿದು ಒಬ್ಬ ಹುಡುಗ 1908ರಲ್ಲಿ ಮದ್ರಾಸಿನಿಂದ ಹೊರಬಿದ್ದ. ಒಂದು ಗಡಿ ದಾಟಿದವನು ಮತ್ತೊಂದು ದಾಟಬೇಕಾಯಿತು, ಅದಾದ ಮೇಲೆ ಇನ್ನೊಂದು. ತಿರುಗಿ ಭಾರತದ ನೆಲದ ಮೇಲೆ ಕಾಲಿಟ್ಟಾಗ 1935. ಹೋದಾಗ 21 ವರ್ಷದವನು, ಬಂದಾಗ ನಲವತ್ತೆಂಟರ ಹತ್ತಿರ.

ಹೆಸರು ಮಂಡಯಂ ಪಾರ್ಥಸಾರಥಿ ತಿರುಮಲ ಆಚಾರ್ಯ. ಚಿಕ್ಕದಾಗಿ ಎಂ.ಪಿ.ಟಿ. ಆಚಾರ್ಯ.

ನಮ್ಮ ಶಾಲೆಯ ಇತಿಹಾಸ ಪುಸ್ತಕದಲ್ಲಿ ಈ ಹೆಸರು ನಾವು ಓದಿದ ನೆನಪಿಲ್ಲ. ಪತ್ರಿಕೋದ್ಯಮದ ಡಿಪ್ಲೊಮಾದಲ್ಲೂ ಯಾರೂ ಹೇಳಲಿಲ್ಲ. ಆದರೆ ಹೆಸರಿನ ಮೊದಲ ಪದ ನೋಡಿ: ಮಂಡಯಂ. ನಮ್ಮ ಮಂಡ್ಯವೇ ಅದು. ಮಂಡ್ಯ, ಮೇಲುಕೋಟೆ ಸೀಮೆಯಲ್ಲಿ ಬೇರು ಬಿಟ್ಟ ಮಂಡಯಂ ಅಯ್ಯಂಗಾರರ ಮನೆತನಗಳು ಮೈಸೂರು, ಬೆಂಗಳೂರು, ಮದ್ರಾಸುಗಳಲ್ಲಿ ಹರಡಿಕೊಂಡಿದ್ದವು. ಮನೆಯಲ್ಲಿ ಕನ್ನಡ ಬೆರೆತ ತಮಿಳು. ವಿವೇಕಾನಂದರನ್ನು 1893ರಲ್ಲಿ ಷಿಕಾಗೋಗೆ ಕಳಿಸಲು ಮನೆ ಮನೆ ತಿರುಗಿ ಹಣ ಕೂಡಿಸಿದ ಅಳಸಿಂಗ ಪೆರುಮಾಳ್ ಕೂಡ ಇದೇ ಮಂಡಯಂ ಬಳಗದವರು, ಹುಟ್ಟಿದ್ದು ಚಿಕ್ಕಮಗಳೂರಲ್ಲಿ. ನಮ್ಮ ಕತೆಯ ಆಚಾರ್ಯ ಹುಟ್ಟಿದ್ದು ಮದ್ರಾಸಿನಲ್ಲಿ, 1887ರ ಏಪ್ರಿಲ್ 15ರಂದು. ತಂದೆಗೆ ಲೋಕೋಪಯೋಗಿ ಇಲಾಖೆಯಲ್ಲಿ ನೌಕರಿ.

ಒಬ್ಬ ಜೈಲಿಗೆ, ಉಳಿದವರು ಪುದುಚೇರಿಗೆ

1906ರಲ್ಲಿ ಮದ್ರಾಸಿನಲ್ಲಿ 'ಇಂಡಿಯಾ' ಎಂಬ ತಮಿಳು ವಾರಪತ್ರಿಕೆ ಶುರುವಾಯಿತು. ದುಡ್ಡು ಹಾಕಿದವರು ಮಂಡಯಂ ಮನೆತನದ ತಿರುಮಲಾಚಾರಿ. ಬರೆಯುತ್ತಿದ್ದವರು ಕವಿ ಸುಬ್ರಹ್ಮಣ್ಯ ಭಾರತಿ. ಮುಖಪುಟದ ಮೇಲೆ ವ್ಯಂಗ್ಯಚಿತ್ರ, ಒಳಗೆ ಇಂಗ್ರಜರಿಗೆ ಬೆಂಕಿಯಂಥ ಮಾತು. ಆಚಾರ್ಯ ಇದರ ಕೆಲಸಕ್ಕೆ ಸೇರಿಕೊಂಡರು.

1908 ಪತ್ರಿಕೆಯವರ ಪಾಲಿಗೆ ಕೆಟ್ಟ ವರ್ಷ. ಜೂನಿನಲ್ಲಿ ತಿಲಕರನ್ನು ಹಿಡಿದರು, ಜುಲೈಯಲ್ಲಿ ಆರು ವರ್ಷ ಶಿಕ್ಷೆ ಹಾಕಿ ಮಂಡಾಲೆಗೆ ಕಳಿಸಿದರು. 'ಕೇಸರಿ'ಯಲ್ಲಿ ಬರೆದ ಲೇಖನಗಳೇ ಅಪರಾಧ. ನಮ್ಮ ಮೈಸೂರು ಸಂಸ್ಥಾನದಲ್ಲೂ ಅದೇ ವರ್ಷ ಪತ್ರಿಕೆಗಳ ಬಾಯಿ ಕಟ್ಟುವ ಕಾನೂನು ಬಂತು. ತಾತಯ್ಯನೆಂದು ಜನ ಕರೆಯುತ್ತಿದ್ದ ಎಂ. ವೆಂಕಟಕೃಷ್ಣಯ್ಯನವರು ಅದಕ್ಕೆ ತಲೆಬಾಗುವ ಬದಲು ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿದರು.

ಮದ್ರಾಸಿನಲ್ಲಿ ಪೊಲೀಸರು 'ಇಂಡಿಯಾ' ಕಚೇರಿಗೆ ಬಂದಾಗ ಒಂದು ವಿಚಿತ್ರ ನಡೆಯಿತು. ಕಾಗದಪತ್ರದಲ್ಲಿ ಸಂಪಾದಕನೆಂದು ಇದ್ದ ಹೆಸರು ಭಾರತಿಯದಲ್ಲ, ಶ್ರೀನಿವಾಸನ್ ಎಂಬವರದು. ಬರೆದವರು ಒಬ್ಬರು, ಹೆಸರು ಕೊಟ್ಟವರು ಒಬ್ಬರು. ಹಿಡಿದದ್ದು ಹೆಸರು ಕೊಟ್ಟವರನ್ನು. ಐದು ವರ್ಷ ಶಿಕ್ಷೆ. ಭಾರತಿ ಪುದುಚೇರಿಗೆ ಹೋದರು. ಅದು ಫ್ರೆಂಚರ ಊರು, ಇಂಗ್ರಜರ ವಾರಂಟು ಅಲ್ಲಿ ನಡೆಯುವುದಿಲ್ಲ. ಹಿಂದೆಯೇ ಅಚ್ಚಿನ ಯಂತ್ರ ಹೋಯಿತು, ಆಚಾರ್ಯರೂ ಹೋದರು. ಅಕ್ಟೋಬರಿನಲ್ಲಿ ಪತ್ರಿಕೆ ಅಲ್ಲಿಂದ ಮತ್ತೆ ಹೊರಬಂತು.

ಭಾರತಿಯ ಹೆಸರಲ್ಲಿ ಇವತ್ತು ವಿಶ್ವವಿದ್ಯಾಲಯವಿದೆ, ರಸ್ತೆಗಳಿವೆ. ಶ್ರೀನಿವಾಸನ್ ಹೆಸರು ಯಾರಿಗೆ ನೆನಪಿದೆ? ತಾಲ್ಲೂಕಿನಲ್ಲಿ ನಿಂತು ಸುದ್ದಿ ಕಳಿಸುವ ನಮ್ಮಂಥವರಿಗೆ ಈ ಪ್ರಶ್ನೆ ಸುಮ್ಮನೆ ಬಿಡುವಂಥದ್ದಲ್ಲ. ಸುದ್ದಿ ದೊಡ್ಡದಾದಾಗ ಹೆಸರು ಮೇಲಿನವರದು, ಕೇಸು ಬಿದ್ದಾಗ ಹೆಸರು ಕೆಳಗಿನವನದು. ಇದು 1908ರ ಮಾತಷ್ಟೇ ಅಲ್ಲ.

ಪುದುಚೇರಿಯಲ್ಲೂ ಬಹಳ ದಿನ ನೆಮ್ಮದಿ ಇರಲಿಲ್ಲ. ಊರ ತುಂಬ ಇಂಗ್ರಜರ ಗುಪ್ತಚರರು. ಫ್ರೆಂಚರು ಇವತ್ತು ಕೊಡುತ್ತಾರೋ, ನಾಳೆ ಕೊಡುತ್ತಾರೋ ಎಂಬ ಭಯ. 1908ರ ಕೊನೆಗೆ ಆಚಾರ್ಯ ಕೊಲಂಬೊಗೆ ಹೋಗಿ ಹಡಗು ಹತ್ತಿ, ಫ್ರಾನ್ಸಿನ ಮಾರ್ಸೇಲ್ಸ್ ಬಂದರಿನಲ್ಲಿ ಇಳಿದರು. ಅಲ್ಲಿಂದ ಪ್ಯಾರಿಸ್, ಪ್ಯಾರಿಸ್‌ನಿಂದ ಲಂಡನ್.

ಇಲ್ಲಿ ಒಂದು ಅಡ್ಡ ಮಾತು. ಆಚಾರ್ಯ ಬಿಟ್ಟು ಹೋದ ಮದ್ರಾಸಿಗೆ ಪರದೇಶದಿಂದ ಬಂದು ಪತ್ರಿಕೆ ಹಾಕಿದವರ ಕತೆಯೂ ಇದೆ. ಇಡೀ ಲೋಕದಲ್ಲಿ ಅರ್ಮೇನಿಯನ್ ಭಾಷೆಯ ಮೊಟ್ಟಮೊದಲ ಪತ್ರಿಕೆ ಅಚ್ಚಾದದ್ದು ಅರ್ಮೇನಿಯಾದಲ್ಲಿ ಅಲ್ಲ, ಮದ್ರಾಸಿನಲ್ಲಿ. 1794ರಲ್ಲಿ ಹಾರುತ್ಯುನ್ ಶ್ಮಾವೋನ್ಯನ್ ಎಂಬ ಪಾದ್ರಿ 'ಅಜ್ದರಾರ್' ಎಂಬ ಮಾಸಿಕ ತೆಗೆದರು. ಅದಕ್ಕೂ ಮುಂಚೆ, 1770ರ ದಶಕದಲ್ಲೇ, ಶಹಾಮಿರ್ ಶಹಾಮಿರ್ಯನ್ ಎಂಬ ಅರ್ಮೇನಿಯನ್ ವ್ಯಾಪಾರಿ ಅಲ್ಲೇ ಅಚ್ಚುಕೂಟ ಹಾಕಿ, ತುರ್ಕರು ಮತ್ತು ಪರ್ಷಿಯನ್ನರ ಕೈಯಲ್ಲಿ ಸಿಕ್ಕಿದ್ದ ತನ್ನ ನಾಡಿನ ಬಿಡುಗಡೆಗಾಗಿ ಪುಸ್ತಕ ಅಚ್ಚು ಮಾಡಿಸಿದ್ದ. ಊರು ಕಳೆದುಕೊಂಡವರು ಮೊದಲು ಹುಡುಕುವುದು ಒಂದು ಅಚ್ಚಿನ ಯಂತ್ರ. ಅರ್ಮೇನಿಯನ್ನರ ಮಾತು ಮುಂದೆಯೂ ಬರುತ್ತದೆ, ನೆನಪಿಟ್ಟುಕೊಳ್ಳಿ.

ಲಂಡನ್ನಿನ ಕೋಲು, ಮೊರಾಕ್ಕೊದ ದಾರಿ

ಲಂಡನ್ನಿನ ಹೈಗೇಟ್ ಎಂಬಲ್ಲಿ ಶ್ಯಾಮಜಿ ಕೃಷ್ಣವರ್ಮಾ 1905ರಲ್ಲಿ ತೆರೆದ 'ಇಂಡಿಯಾ ಹೌಸ್' ಇತ್ತು. ಹೊರಗೆ ವಿದ್ಯಾರ್ಥಿಗಳ ವಸತಿ, ಒಳಗೆ ಕ್ರಾಂತಿಕಾರರ ಗೂಡು. ಸಾವರಕರ, ವಿ.ವಿ.ಎಸ್. ಅಯ್ಯರ್ ಎಲ್ಲ ಅಲ್ಲಿದ್ದರು. ಆಚಾರ್ಯ ಅಲ್ಲಿ ಸೇರಿಕೊಂಡರು. 1909ರ ಜುಲೈ 1ರಂದು ಮದನಲಾಲ ಧಿಂಗ್ರಾ ಕರ್ಜನ್ ವೈಲಿ ಎಂಬ ಅಧಿಕಾರಿಯನ್ನು ಗುಂಡಿಟ್ಟು ಕೊಂದ. ನಾಲ್ಕು ದಿನ ಬಿಟ್ಟು ಲಂಡನ್ನಿನ ಭಾರತೀಯ ಗಣ್ಯರು ಖಂಡನಾ ಸಭೆ ಕರೆದರು. ಸಾವರಕರ ಎದ್ದು ನಿಂತು 'ಎಲ್ಲರ ಒಪ್ಪಿಗೆ ಇಲ್ಲ' ಎಂದಾಗ ಒಬ್ಬ ಅವರ ಮುಖಕ್ಕೆ ಹೊಡೆದ. ಹೊಡೆದವನ ತಲೆಗೆ ಕೋಲು ಬೀಸಿದ್ದು ತಿರುಮಲ ಆಚಾರ್ಯ ಎಂದು ಸಾವರಕರ ಚರಿತ್ರೆ ಬರೆದವರು ಹೇಳುತ್ತಾರೆ.

ಮುಂದಿನದು ಸಿನಿಮಾದಂತಿದೆ. ಮೊರಾಕ್ಕೊ ದೇಶದ ರಿಫ್ ಗುಡ್ಡಗಾಡಿನ ಜನ ಸ್ಪೇನಿನ ಸೈನ್ಯದ ಮೇಲೆ ಬಿದ್ದಿದ್ದರು. ಅಲ್ಲಿ ಹೋಗಿ ಅವರ ಜೊತೆ ಸೇರಿ ಯುದ್ಧ ಕಲಿಯಬೇಕು, ಕಲಿತದ್ದನ್ನು ಭಾರತಕ್ಕೆ ತರಬೇಕು ಎಂದು ಆಚಾರ್ಯ ಮತ್ತು ಸುಖಸಾಗರ ದತ್ತ ಎಂಬ ಇಬ್ಬರು ಬಂದೂಕು ಕಟ್ಟಿಕೊಂಡು ಹಡಗು ಹತ್ತಿದರು. ಭಾಷೆ ಬಾರದು, ದಾರಿ ಗೊತ್ತಿಲ್ಲ, ಕೈಯಲ್ಲಿ ಕಾಸಿಲ್ಲ. ಕಾಳಗದ ಜಾಗ ಮುಟ್ಟಲೇ ಇಲ್ಲ. ದತ್ತ ಲಂಡನ್ನಿಗೆ ಮರಳಿದರು, ಆಚಾರ್ಯ ಲಿಸ್ಬನ್ ಸುತ್ತಿ ಪ್ಯಾರಿಸ್ಸಿಗೆ ಬಂದರು. ಓದುವಾಗ ನಗು ಬರುತ್ತದೆ. ಇಪ್ಪತ್ತೆರಡು ವರ್ಷದ ಹುಡುಗ, ಮಂಡಯಂ ಅಯ್ಯಂಗಾರರ ಮನೆಯಲ್ಲಿ ಬೆಳೆದವನು, ಆಫ್ರಿಕದ ಗುಡ್ಡದಲ್ಲಿ ಗುಂಡು ಹಾರಿಸಲು ಹೊರಟಿದ್ದಾನೆ. ಆದರೆ ನಮ್ಮ ಹಲಗಲಿಯ ಬೇಡರ ಕೈಯಿಂದ 1857ರಲ್ಲಿ ಆಯುಧ ಕಿತ್ತುಕೊಂಡಾಗಿನಿಂದ ಇಡೀ ದೇಶ ಬಂದೂಕು ಹಿಡಿಯುವುದನ್ನೇ ಮರೆತಿತ್ತು. ಕಲಿಯುವ ಆಸೆ ಇರುವವನು ಎಲ್ಲಿಗೆ ಹೋಗಬೇಕು?

ಹಲಗಲಿಯ ಮಾತು ಬಂತಲ್ಲ, ಇನ್ನೊಂದು ಹೇಳಬೇಕು. ಮುಧೋಳ ತಾಲ್ಲೂಕಿನ ಆ ಬಂಡಾಯ, ಜಡಗ, ಬಾಲನ ಹೆಸರು ನಮಗೆ ಉಳಿದದ್ದು ಲಾವಣಿಯಿಂದ. ಆ ಲಾವಣಿಯನ್ನು ಕೇಳಿ ಬರೆದುಕೊಂಡು 1880ರ ದಶಕದಲ್ಲಿ ಅಚ್ಚು ಹಾಕಿಸಿದವನು ಜೆ.ಎಫ್. ಫ್ಲೀಟ್. ಇಂಗ್ರಜ ಸರ್ಕಾರದ ಅಧಿಕಾರಿ! ಆಚಾರ್ಯರ ಬದುಕೂ ಬಹಳಷ್ಟು ಹಾಗೇ ಉಳಿದಿದೆ. ಯಾವ ತಾರೀಖು ಯಾವ ಊರಲ್ಲಿದ್ದರು, ಯಾರಿಗೆ ಕಾಗದ ಬರೆದರು ಎಂಬುದನ್ನು ಬೆನ್ನು ಹತ್ತಿದ್ದ ಗುಪ್ತಚರರು ಬರೆದಿಟ್ಟರು. ಆ ಕಡತಗಳು ಲಂಡನ್ ಮತ್ತು ದಿಲ್ಲಿಯ ದಾಖಲೆ ಮನೆಗಳಲ್ಲಿವೆ. ಅವನ್ನು ಬಿಚ್ಚಿ ಕುಳಿತೇ ಈಚೆಗೆ ಇತಿಹಾಸಕಾರರು ಅವರ ಜೀವನ ಕಟ್ಟಿದ್ದಾರೆ. ಬಂಡಾಯಗಾರನಿಗೆ ಮನೆಯವರಿಗಿಂತ ಶತ್ರು ಹೆಚ್ಚು ನೆನಪು ಇಟ್ಟಿರುತ್ತಾನೆ.

ಪ್ಯಾರಿಸ್ ಮತ್ತು ಬರ್ಲಿನ್ನಿನಲ್ಲಿ ಅವರ ಒಡನಾಡಿ ವೀರೇಂದ್ರನಾಥ ಚಟ್ಟೋಪಾಧ್ಯಾಯ. ಸರೋಜಿನಿ ನಾಯ್ಡು ಅವರ ತಮ್ಮ. ನಮ್ಮ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರಿಗೆ ಗಂಡನ ಅಣ್ಣ ಆಗಬೇಕು. ಎಲ್ಲರೂ 'ಚಟ್ಟೋ' ಅನ್ನುತ್ತಿದ್ದರು. ಈ ಹೆಸರನ್ನೂ ನೆನಪಿಟ್ಟುಕೊಳ್ಳಿ.

1911ರಲ್ಲಿ ಆಚಾರ್ಯ ತುರ್ಕಿಯ ರಾಜಧಾನಿ ಕಾನ್‌ಸ್ಟಾಂಟಿನೋಪಲ್‌ಗೆ, ಅಂದರೆ ಈಗಿನ ಇಸ್ತಾಂಬುಲ್ಲಿಗೆ ಹೋದರು. ಮರುವರ್ಷ ನ್ಯೂಯಾರ್ಕ್. ಅಲ್ಲಿ ಗದರ್ ಪಕ್ಷದವರ ಸಂಗ. 1914ರಲ್ಲಿ ಮೊದಲ ಮಹಾಯುದ್ಧ ಶುರುವಾಯಿತು. ಇಂಗ್ರಜರ ಶತ್ರು ಜರ್ಮನಿ. ಶತ್ರುವಿನ ಶತ್ರು ಮಿತ್ರ ಎಂಬ ಲೆಕ್ಕದಲ್ಲಿ ಭಾರತದ ಕ್ರಾಂತಿಕಾರರು ಬರ್ಲಿನ್ನಿನಲ್ಲಿ ಸಮಿತಿ ಮಾಡಿದರು. ಆಚಾರ್ಯ ಅಮೆರಿಕದಿಂದ ಅಲ್ಲಿಗೆ ಬಂದರು, ಸಮಿತಿ ಅವರನ್ನು ಮತ್ತೆ ತುರ್ಕಿಯ ಕಡೆಗೆ ಕಳಿಸಿತು. ಸುಯೆಜ್ ಕಾಲುವೆ ಕಾಯುತ್ತಿದ್ದ ಇಂಗ್ರಜರ ಪಲ್ಟಣದಲ್ಲಿ ಭಾರತದ ಸಿಪಾಯಿಗಳಿದ್ದರು. ಅವರ ಮನಸ್ಸು ತಿರುಗಿಸಬೇಕು ಎಂಬುದು ಯೋಜನೆ. ಅದೂ ಕೈಗೂಡಲಿಲ್ಲ.

ಅದೇ ಊರಿನಲ್ಲಿ, ಅದೇ ವರ್ಷ

ಇಲ್ಲಿ ನಾವು ಸ್ವಲ್ಪ ನಿಲ್ಲಬೇಕು.

1915ರ ಏಪ್ರಿಲ್ 24. ಕಾನ್‌ಸ್ಟಾಂಟಿನೋಪಲ್‌ನಲ್ಲಿ ತುರ್ಕಿ ಸರ್ಕಾರದ ಪೊಲೀಸರು ರಾತ್ರಿ ಮನೆ ಮನೆಗೆ ಹೋಗಿ ಅರ್ಮೇನಿಯನ್ ಲೇಖಕರು, ಪತ್ರಕರ್ತರು, ಶಿಕ್ಷಕರು, ವಕೀಲರನ್ನು ಎಳೆದೊಯ್ದರು. ಇನ್ನೂರಕ್ಕೂ ಹೆಚ್ಚು ಜನ. ಬಹಳ ಮಂದಿ ಮತ್ತೆ ಬರಲಿಲ್ಲ. ದಾನಿಯೇಲ್ ವರೂಜಾನ್, ಸಿಯಾಮಾಂತೊ ಎಂಬ ದೊಡ್ಡ ಕವಿಗಳನ್ನು ಕೊಂದರು. ಅಲ್ಲಿಂದ ಶುರುವಾದದ್ದು ಒಂದು ಇಡೀ ಜನಾಂಗವನ್ನು ಮರುಭೂಮಿಗೆ ಅಟ್ಟುವ ಕೆಲಸ. ಮೊದಲು ಹಿಡಿದದ್ದು ಬರೆಯುವವರನ್ನು ಎಂಬುದನ್ನು ಗಮನಿಸಿ.

ಹಿಡಿಯಬೇಕಾದವರ ಪಟ್ಟಿಯಲ್ಲಿ ಒಬ್ಬ ಹೆಣ್ಣುಮಗಳ ಹೆಸರೂ ಇತ್ತು. ಜಬೆಲ್ ಯೆಸಾಯನ್, ಕಾದಂಬರಿಗಾರ್ತಿ. 1909ರಲ್ಲಿ ಅದಾನಾ ಎಂಬಲ್ಲಿ ಅರ್ಮೇನಿಯನ್ನರ ಹತ್ಯೆ ನಡೆದಾಗ ಅಲ್ಲಿಗೇ ಹೋಗಿ, ಅನಾಥ ಮಕ್ಕಳ ನಡುವೆ ಓಡಾಡಿ, ಕಂಡದ್ದನ್ನು ಪುಸ್ತಕ ಮಾಡಿದವರು. ಇವತ್ತಿನ ಮಾತಿನಲ್ಲಿ ಹೇಳಬೇಕೆಂದರೆ ಸ್ಥಳಕ್ಕೆ ಹೋಗಿ ವರದಿ ಮಾಡಿದವರು. ಪೊಲೀಸರ ಕೈಗೆ ಸಿಗದೆ ಅಡಗಿ, ಬಲ್ಗೇರಿಯಾಕ್ಕೆ ದಾಟಿ, ಮುಂದೆ ಪ್ಯಾರಿಸ್ಸಿನಲ್ಲಿ ನೆಲೆಸಿದರು. ಬದುಕುಳಿದವರ ಬಾಯಿಂದ ಕೇಳಿ ಕೇಳಿ ಬರೆದಿಟ್ಟರು.

ಭಾರತದ ಬಿಡುಗಡೆಗೆ ಹೊರಟ ನಮ್ಮವರು ಆಗ ಕೈ ಜೋಡಿಸಿದ್ದು ಈ ತುರ್ಕಿ ಸರ್ಕಾರದ ಜೊತೆ. ಇದನ್ನು ಬಚ್ಚಿಡುವುದು ಸರಿಯಲ್ಲ. ಒಬ್ಬರ ಬಿಡುಗಡೆಯ ಮಿತ್ರ ಇನ್ನೊಬ್ಬರ ಕೊರಳಿಗೆ ಕತ್ತಿ. ಬರ್ಲಿನ್ ಸಮಿತಿಯವರ ದೇಶಪ್ರೇಮ ಎಷ್ಟು ನಿಜವೋ ಈ ಕೈಜೋಡಣೆಯೂ ಅಷ್ಟೇ ನಿಜ. ಆಚಾರ್ಯರು ಮುಂದೆ ಯಾವ ಸರ್ಕಾರವನ್ನೂ ನಂಬದ ಮನುಷ್ಯರಾದರು. ಆ ಅಪನಂಬಿಕೆ ಒಂದೇ ದಿನದಲ್ಲಿ ಹುಟ್ಟಿದ್ದಲ್ಲ. ಇಂಗ್ರಜ, ಫ್ರೆಂಚ್, ಜರ್ಮನ್, ತುರ್ಕಿ, ಎಲ್ಲ ಸರ್ಕಾರಗಳನ್ನೂ ಅವರು ಹತ್ತಿರದಿಂದ ಕಂಡಿದ್ದರು.

ಲೆನಿನ್ ಎದುರು, ಆಮೇಲೆ ಹೊರಗೆ

1917ರಲ್ಲಿ ಆಚಾರ್ಯ, ಚಟ್ಟೋ ಜೊತೆ ಸ್ವೀಡನ್ನಿನ ಸ್ಟಾಕ್‌ಹೋಮ್‌ಗೆ ಹೋಗಿ ಕೂತರು. ಯುರೋಪಿನ ಸಮಾಜವಾದಿಗಳು ಶಾಂತಿ ಸಮ್ಮೇಳನ ಕರೆಯುವವರಿದ್ದರು, ಭಾರತದ ಮಾತನ್ನು ಅವರ ಕಿವಿಗೆ ಹಾಕಬೇಕಿತ್ತು. ಆ ವರ್ಷವೇ ರಷ್ಯಾದಲ್ಲಿ ಕ್ರಾಂತಿಯಾಯಿತು. 1919ರ ಮೇ ತಿಂಗಳಲ್ಲಿ ರಾಜಾ ಮಹೇಂದ್ರ ಪ್ರತಾಪ, ಮೌಲವಿ ಬರ್ಕತುಲ್ಲಾ ಮೊದಲಾದವರ ತಂಡದಲ್ಲಿ ಆಚಾರ್ಯ ಮಾಸ್ಕೋದಲ್ಲಿ ಲೆನಿನ್‌ರನ್ನು ಭೇಟಿಯಾದರು. ಅಲ್ಲಿಂದ ಕಾಬೂಲಿಗೆ. ಕಾಬೂಲಿನಿಂದ ಹೊರದಬ್ಬಿಸಿಕೊಂಡು ತಾಷ್ಕೆಂಟಿಗೆ.

1920ರ ಅಕ್ಟೋಬರ್ 17ರಂದು ತಾಷ್ಕೆಂಟಿನಲ್ಲಿ ಏಳು ಜನ ಕೂಡಿ ಭಾರತದ ಕಮ್ಯುನಿಸ್ಟ್ ಪಕ್ಷ ಎಂದು ಹೆಸರಿಟ್ಟು ಪಕ್ಷ ಕಟ್ಟಿದರು. ಎಂ.ಎನ್. ರಾಯ್ ಮುಂದಾಳು. ಅಧ್ಯಕ್ಷರು ನಮ್ಮ ಆಚಾರ್ಯ. ಮಂಡ್ಯದ ಹೆಸರು ಹೊತ್ತ ಮನುಷ್ಯ ಮಧ್ಯ ಏಷ್ಯಾದಲ್ಲಿ ಕಮ್ಯುನಿಸ್ಟ್ ಪಕ್ಷದ ಅಧ್ಯಕ್ಷ! ಕಾನಪುರದಲ್ಲಿ 1925ರಲ್ಲಿ ಆದ ಸಭೆಯೇ ಪಕ್ಷದ ಹುಟ್ಟು ಎಂದು ಇನ್ನೊಂದು ಗುಂಪಿನವರು ಹೇಳುತ್ತಾರೆ, ಆ ಜಗಳ ಇನ್ನೂ ಮುಗಿದಿಲ್ಲ. ಏನೇ ಇರಲಿ, ಆಚಾರ್ಯರ ಅಧ್ಯಕ್ಷಗಿರಿ ಮೂರು ತಿಂಗಳು ಬಾಳಿತು. ರಾಯ್ ಅವರ ಹಿಡಿತ, ಮಾಸ್ಕೋದ ಹಿಡಿತ ಎರಡೂ ಅವರಿಗೆ ಒಗ್ಗಲಿಲ್ಲ. ಬಾಯಿ ಮುಚ್ಚಿಕೊಂಡು ಇರುವ ಜಾಯಮಾನವೂ ಅಲ್ಲ. 1921ರ ಜನವರಿಯಲ್ಲಿ ಪಕ್ಷದಿಂದ ಹೊರಹಾಕಿದರು.

ಮಾಸ್ಕೋದಲ್ಲಿ ಅವರಿಗೆ ಮಾಗ್ದಾ ನಖ್ಮನ್ ಸಿಕ್ಕರು. ಚಿತ್ರಕಲಾವಿದೆ, 1889ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಹುಟ್ಟಿದವರು, ಲಿಯೋನ್ ಬಾಕ್ಸ್ಟ್ ಎಂಬ ಹೆಸರಾಂತ ಕಲಾವಿದನ ಶಿಷ್ಯೆ. ರಷ್ಯಾದ ದೊಡ್ಡ ಕವಯಿತ್ರಿ ಮರೀನಾ ತ್ಸ್ವೆತಾಯೆವಾ ಅವರ ಚಿತ್ರವನ್ನು 1913ರಲ್ಲಿ ಬರೆದವರು. ಇಬ್ಬರೂ ಮದುವೆಯಾದರು. 1922ರಲ್ಲಿ ರಷ್ಯಾ ಬಿಟ್ಟು ಬರ್ಲಿನ್ನಿಗೆ ಬಂದರು.

ಆ ಬಿಟ್ಟುಬಂದದ್ದು ಎಂಥ ದೊಡ್ಡ ಮಾತು ಎಂಬುದು ಹದಿನೈದು ವರ್ಷದ ಮೇಲೆ ತಿಳಿಯಿತು. ಅವರ ಗೆಳೆಯ ಚಟ್ಟೋ 1930ರ ದಶಕದ ಮೊದಲಿಗೆ ಸೋವಿಯತ್ ದೇಶಕ್ಕೆ ಹೋದರು. 1937ರ ಸೆಪ್ಟೆಂಬರಿನಲ್ಲಿ ಸ್ಟಾಲಿನ್ ಸರ್ಕಾರ ಅವರನ್ನು ಗುಂಡಿಟ್ಟು ಕೊಂದಿತು. ತುರ್ಕಿಯಿಂದ ತಪ್ಪಿಸಿಕೊಂಡ ಆ ಜಬೆಲ್ ಯೆಸಾಯನ್ ನೆನಪಿದ್ದಾರಲ್ಲ? ಪರದೇಶದಲ್ಲಿ ಸಾಕಾಗಿ, ಕೊನೆಗೊಮ್ಮೆ ತನ್ನ ಜನರ ನಡುವೆ ಬದುಕಬೇಕೆಂದು 1933ರಲ್ಲಿ ಸೋವಿಯತ್ ಅರ್ಮೇನಿಯಾಕ್ಕೆ ಹೋದರು. 1937ರಲ್ಲಿ ಅವರನ್ನೂ ಹಿಡಿದರು. 1943ರ ಹೊತ್ತಿಗೆ ಸೆರೆಯಲ್ಲೇ ಸತ್ತರು ಎನ್ನುತ್ತಾರೆ. ತುರ್ಕಿ ಪೊಲೀಸರಿಂದ ಉಳಿದ ಜೀವ ತನ್ನದೇ ನಾಡೆಂದು ನಂಬಿ ಹೋದಲ್ಲಿ ಉಳಿಯಲಿಲ್ಲ.

ಆಚಾರ್ಯ ಪಕ್ಷದಿಂದ ಹೊರಬಿದ್ದದ್ದನ್ನು ಸೋಲು ಎಂದು ಬರೆದವರಿದ್ದಾರೆ. ನಮಗೆ ಹಾಗೆ ಅನಿಸುವುದಿಲ್ಲ.

ಮಗ್ಗದ ಒಡೆಯ ಯಾರು?

ಬರ್ಲಿನ್ನಿನಲ್ಲಿ 1922ರ ಡಿಸೆಂಬರ್ ಕೊನೆಗೆ ಅರಾಜಕತಾವಾದಿ ಕಾರ್ಮಿಕ ಸಂಘಗಳ ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. ಆಚಾರ್ಯ ಅಲ್ಲಿದ್ದರು. ಮುಂದೆ ಸಾಯುವ ತನಕ ಅವರು ಇದೇ ವಿಚಾರದವರು. ನಮ್ಮಲ್ಲಿ ಅರಾಜಕತೆ ಅಂದರೆ ಗದ್ದಲ, ಕಲ್ಲು ತೂರಾಟ, ಬಸ್ಸಿಗೆ ಬೆಂಕಿ ಎಂಬ ಅರ್ಥ ಬಂದುಬಿಟ್ಟಿದೆ, ಅದರಲ್ಲಿ ಪತ್ರಿಕೆಯವರಾದ ನಮ್ಮದೂ ಪಾಲಿದೆ. ಆಚಾರ್ಯ ಹೇಳುತ್ತಿದ್ದುದು ಬೇರೆ. ರಬಕವಿ-ಬನಹಟ್ಟಿಯ ಲೆಕ್ಕದಲ್ಲಿ ಹೇಳಿದರೆ ಬೇಗ ತಿಳಿಯುತ್ತದೆ.

ಒಂದು ಸೀರೆ ನೇಯ್ದರು ಅನ್ನಿ. ನೂಲು ಮಾಲಕನದು, ವಿನ್ಯಾಸ ಮಾಲಕನದು, ಬೆಲೆ ಹೇಳುವವನೂ ಮಾಲಕ. ನೇಕಾರನದು ಕೈಕಾಲು ಮಾತ್ರ, ಅದಕ್ಕೆ ಕೂಲಿ. ಇದು ಬಂಡವಾಳಶಾಹಿ. ಇದನ್ನು ತೆಗೆದು ಮಾಲಕನ ಜಾಗದಲ್ಲಿ ಸರ್ಕಾರವನ್ನು ಕೂರಿಸಿದರು, ನೂಲು, ಬೆಲೆ, ಕೂಲಿ ಎಲ್ಲ ಸಾಹೇಬನ ಸಹಿಯಿಂದ. ರಷ್ಯಾದಲ್ಲಿ ಆದದ್ದು ಇದೇ ಎಂಬುದು ಆಚಾರ್ಯರ ಸಿಟ್ಟು. ಒಡೆಯ ಬದಲಾದ, ಮಗ್ಗದ ಮುಂದೆ ಕೂತವನ ಗತಿ ಬದಲಾಗಲಿಲ್ಲ. ಅವರು ಕೇಳಿದ್ದು ಮೂರನೆಯದು: ಮಗ್ಗದ ಮೇಲೆ ಕೂತವರೇ ಕೂಡಿ ಮಗ್ಗದ ಒಡೆಯರಾಗಬೇಕು, ಊರಿನವರೇ ಕೂಡಿ ಊರ ಕೆಲಸ ನಡೆಸಬೇಕು, ಮೇಲಿನಿಂದ ಹುಕುಮು ಬರಬಾರದು. ನಡೆಯುತ್ತದೋ ಇಲ್ಲವೋ ಎಂಬುದು ಬೇರೆ ವಾದ. ನಮ್ಮ ನೇಕಾರ ಸಹಕಾರ ಸಂಘಗಳ ಚುನಾವಣೆ ನೋಡಿದವರಿಗೆ ಅನುಮಾನ ಬರುವುದು ಸಹಜ.

ಗಾಂಧೀಜಿಯ ಬಗ್ಗೆಯೂ ಅವರು ಬಹಳ ಬರೆದರು. ಬಂದೂಕು ಹಿಡಿದು ಮೊರಾಕ್ಕೊಗೆ ಹೊರಟಿದ್ದವರು ಅಹಿಂಸೆಯಲ್ಲಿ ಬಲವಿದೆ ಎಂದು ಒಪ್ಪಿಕೊಂಡರು. ಜನ ಸಹಕಾರ ಕೊಡದಿದ್ದರೆ ಯಾವ ಸರ್ಕಾರವೂ ನಿಲ್ಲದು ಎಂಬ ಮಾತು ಅವರಿಗೆ ಹಿಡಿಸಿತ್ತು. ಆದರೆ ಗಾಂಧೀಜಿಯ ಎಲ್ಲವನ್ನೂ ಒಪ್ಪಿದವರಲ್ಲ. ಇಂಗ್ಲಿಷ್, ಜರ್ಮನ್, ಫ್ರೆಂಚ್ ಪತ್ರಿಕೆಗಳಲ್ಲಿ ಅವರ ಲೇಖನ ಬರುತ್ತಿದ್ದವು. ಯುರೋಪಿನ ಅರಾಜಕತಾವಾದಿ ಪತ್ರಿಕೆಗಳ ಕಟ್ಟು ಕಟ್ಟಿ ಭಾರತಕ್ಕೆ ಅಂಚೆಯಲ್ಲಿ ಕಳಿಸುತ್ತಿದ್ದರು, ಇಂಗ್ರಜರು ಅವನ್ನು ತಡೆಯುತ್ತಿದ್ದರು. ದುಡ್ಡು ಮಾತ್ರ ಎಂದೂ ಇರಲಿಲ್ಲ. ಗಂಡನ ಬರಹದಿಂದ ಬಂದಷ್ಟು, ಹೆಂಡತಿಯ ಚಿತ್ರದಿಂದ ಬಂದಷ್ಟು, ಎರಡೂ ಸೇರಿದರೂ ಮನೆ ನಡೆಯುವುದು ಕಷ್ಟ.

ಕಾಗದ ಇಲ್ಲದವನು

ಈ ಇಡೀ ಕತೆಯಲ್ಲಿ ನಮ್ಮನ್ನು ಹೆಚ್ಚು ಕಾಡಿದ್ದು ಪಾಸ್‌ಪೋರ್ಟಿನ ಪ್ರಕರಣ. ಆಚಾರ್ಯರ ಬಳಿ ತಾನು ಯಾವ ದೇಶದವನು ಎಂದು ತೋರಿಸುವ ಕಾಗದ ಇರಲಿಲ್ಲ. 1920ರ ದಶಕದ ನಡುವೆಯೇ ಬರ್ಲಿನ್ನಿನ ಬ್ರಿಟಿಷ್ ಕಚೇರಿಗೆ ಅರ್ಜಿ ಹಾಕಿದರು. ಊರಿಗೆ ಹೋಗಬೇಕು ಎಂದರೆ ಯಾರನ್ನು ಓಡಿಸಬೇಕೆಂದು ಹೊರಟಿದ್ದರೋ ಅವರ ಮುಂದೆಯೇ ಅರ್ಜಿ ಹಿಡಿದು ನಿಲ್ಲಬೇಕು. ಹೋದರೆ ಹಿಡಿಯುವುದಿಲ್ಲ ಎಂಬ ಭರವಸೆಯೂ ಇಲ್ಲ. ವರ್ಷಗಟ್ಟಲೆ ಕಾಗದ ಹೋದವು, ಬಂದವು. ನಮ್ಮ ಬೀಳಗಿ ಕಡೆಯ ಹಿರಿಯರು ಆಲಮಟ್ಟಿ ಹಿನ್ನೀರಿನ ಮುಳುಗಡೆ ಪರಿಹಾರಕ್ಕೆ ಕಡತ ಹಿಡಿದು ಕಚೇರಿ ಕಚೇರಿ ಅಲೆದದ್ದನ್ನು ಕಂಡವರಿಗೆ ಈ ಭಾಗ ಹೆಚ್ಚು ವಿವರಿಸಬೇಕಿಲ್ಲ. ನೀನು ಈ ಊರಿನವನೇ ಎಂದು ಸಾಬೀತು ಮಾಡು ಎಂದು ಇನ್ಯಾರೋ ಕೇಳುವುದಿದೆಯಲ್ಲ, ಅದು ಸಣ್ಣ ಸಂಕಟ ಅಲ್ಲ.

1933ರಲ್ಲಿ ಹಿಟ್ಲರ್ ಬಂದ. ಬರ್ಲಿನ್ನಿನಲ್ಲಿದ್ದ ಭಾರತೀಯ ಪತ್ರಕರ್ತ ಎ.ಸಿ.ಎನ್. ನಂಬಿಯಾರರನ್ನು ಆ ವರ್ಷವೇ ಹಿಡಿದು ದೇಶದಿಂದ ಹೊರಹಾಕಿದರು. ಅರಾಜಕತಾವಾದಿ ಕವಿ ಎರಿಕ್ ಮ್ಯೂಸಾಮ್‌ರನ್ನು ಮರುವರ್ಷ ಸೆರೆಶಿಬಿರದಲ್ಲಿ ಕೊಂದರು. ಮಾಗ್ದಾ ಅವರ ತಂದೆ ಯಹೂದಿ ಮೂಲದವರು. ಗಂಡ ಕಪ್ಪು ಮೈಬಣ್ಣದ ಅರಾಜಕತಾವಾದಿ. ಇನ್ನು ಅಲ್ಲಿರುವಂತಿರಲಿಲ್ಲ. ಸ್ವಿಟ್ಜರ್ಲೆಂಡಿಗೆ ಸರಿದರು. ಕೊನೆಗೂ ಪಾಸ್‌ಪೋರ್ಟ್ ಸಿಕ್ಕಿತು. 1935ರಲ್ಲಿ ಆಚಾರ್ಯ ಮುಂಬಯಿಗೆ ಬಂದಿಳಿದರು, ಮರುವರ್ಷ ಮಾಗ್ದಾ ಬಂದರು.

ಇಪ್ಪತ್ತಾರು ವರ್ಷದ ಮೇಲೆ ಬಂದವರಿಗೆ ಯಾರೂ ಹಾರ ಹಾಕಲಿಲ್ಲ. ಜೊತೆಗಿದ್ದವರು ಸತ್ತಿದ್ದರು, ಕೆಲವರು ನಾಯಕರಾಗಿದ್ದರು, ಕೆಲವರ ದಾರಿಯೇ ಬೇರೆಯಾಗಿತ್ತು. ಕಾಂಗ್ರೆಸ್ಸಿನವರಿಗೆ ಇವರು ಬೇಡ, ಕಮ್ಯುನಿಸ್ಟರಿಗಂತೂ ಬೇಡವೇ ಬೇಡ. 1937ರಲ್ಲಿ ಪುಣೆಯ 'ಮರಾಠಾ' ಪತ್ರಿಕೆಯಲ್ಲಿ ತಮ್ಮ ನೆನಪುಗಳನ್ನು ಕಂತು ಕಂತಾಗಿ ಬರೆದರು. ತಿಲಕರು 'ಕೇಸರಿ'ಯ ಜೊತೆಯಲ್ಲೇ ಶುರು ಮಾಡಿದ್ದ ಇಂಗ್ಲಿಷ್ ಪತ್ರಿಕೆ ಅದು. ಪುದುಚೇರಿಯಿಂದ ಹೊರಟದ್ದು, ಲಂಡನ್ನಿನ ಮನೆ, ಮೊರಾಕ್ಕೊದ ಹುಚ್ಚು ಸಾಹಸ, ಎಲ್ಲ ಅದರಲ್ಲಿವೆ. ಮುಂದೆ ಅದು ಪುಸ್ತಕವೂ ಆಯಿತು.

ಮುಂಬಯಿಯಲ್ಲಿ ಮಾಗ್ದಾ ಹೆಚ್ಚು ಬೆಳೆದರು ಅನ್ನಬೇಕು. ಬೀದಿಯ ಹೆಂಗಸರು, ಕೂಲಿಯವರು, ಮಕ್ಕಳು, ಕುಣಿತದವರು, ಇವರನ್ನೆಲ್ಲ ಕುಂಚದ ಕಡ್ಡಿಯಲ್ಲಿ ಹಿಡಿದರು. ಮುಂಬಯಿಯ ಕಲಾ ಪ್ರದರ್ಶನಗಳಲ್ಲಿ ಅವರ ಹೆಸರು ಬರುತ್ತಿತ್ತು. ಗಂಡನಿಗೆ ಕ್ಷಯ ಹಿಡಿಯಿತು. ಮನೆ ನಡೆದದ್ದು ಬಹಳಷ್ಟು ಮಾಗ್ದಾ ಅವರ ಕೈಯಿಂದ. ಆದರೂ ಆಚಾರ್ಯ ಬರೆಯುವುದು ಬಿಡಲಿಲ್ಲ. ಸ್ವಾತಂತ್ರ್ಯ ಬಂದ ಮೇಲೆ ದಿಲ್ಲಿಯ ಹೊಸ ಸರ್ಕಾರದ ಮೇಲೂ ಬರೆದರು. ಇಂಗ್ರಜ ಹೋದ, ಇಂಗ್ರಜನ ಕುರ್ಚಿ ಉಳಿಯಿತು ಎಂಬ ಧಾಟಿ. ಗಾಂಧೀಜಿ ಶುರು ಮಾಡಿದ್ದ 'ಹರಿಜನ' ಪತ್ರಿಕೆಯಲ್ಲೂ ಅವರ ಬರಹ ಬಂದವು. ಆ ಹೊತ್ತಿಗೆ, 1948ರಲ್ಲಿ, ನಮ್ಮ ಜಮಖಂಡಿ, ಮುಧೋಳ, ಸಾಂಗಲಿ ಸಂಸ್ಥಾನಗಳು ಮುಂಬಯಿ ಪ್ರಾಂತ್ಯದಲ್ಲಿ ಕರಗಿದ್ದವು. ಅಂದರೆ ಆಚಾರ್ಯರ ಕೊನೆಯ ವರ್ಷಗಳಲ್ಲಿ ಅವರೂ ನಮ್ಮ ಊರುಗಳೂ ಒಂದೇ ಸರ್ಕಾರದ ಕೆಳಗಿದ್ದೆವು.

1951ರ ಫೆಬ್ರವರಿ 12ರಂದು ಮುಂಬಯಿಯಲ್ಲಿ ಮಾಗ್ದಾ ಅವರ ಚಿತ್ರಗಳ ಪ್ರದರ್ಶನ ಶುರುವಾಗಬೇಕಿತ್ತು. ಬಾಗಿಲು ತೆರೆಯಲು ಕೆಲವೇ ತಾಸು ಇರುವಾಗ ಅವರು ತೀರಿಕೊಂಡರು. ಆಮೇಲೆ ಆಚಾರ್ಯ ಒಬ್ಬರೇ. ಔಷಧಿಗೆ ದುಡ್ಡಿಲ್ಲದೆ ಹೆಂಡತಿಯ ಚಿತ್ರಗಳನ್ನೇ ಮಾರಬೇಕಾಯಿತು. ಮೂರು ವರ್ಷ ಹಾಗೇ ಕಳೆದು 1954ರ ಮಾರ್ಚ್ 20ರಂದು ಮುಂಬಯಿಯಲ್ಲೇ ಸತ್ತರು, 66 ವರ್ಷ. ಅವರನ್ನು ನೆನೆದು ಬರೆದವರು ಹೆಚ್ಚಾಗಿ ಯುರೋಪಿನ ಚಿಕ್ಕ ಚಿಕ್ಕ ಅರಾಜಕತಾವಾದಿ ಪತ್ರಿಕೆಗಳವರು, ಅವರನ್ನು ಕಾಗದದ ಮೂಲಕವಷ್ಟೇ ಬಲ್ಲವರು.